ಹೊಟ್ಟೆನೋವೆಲ್ಲ ವಾಯುವಲ್ಲ

ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದ ಸೀಮೆಯಲ್ಲಿ ಅಡಿಕೆ ಕೊಯ್ಲಿನ ಕಾಲವೆಂದರೆ ಮೈಮುರಿಯುವ ದುಡಿಮೆಯ ಕಾಲ. ಅಂಥ ದಿನಗಳಲ್ಲೊಮ್ಮೆ, ರಾತ್ರಿಯೂಟವಾದ ಮೇಲೆ, ಮನೆಯ ಯಜಮಾನನಿಗೆ ಥಟ್ಟನೆ ಹೊಟ್ಟೆನೋವು ಕಾಣಿಸಿಕೊಂಡಿತೆನ್ನಿ. “ಗ್ಯಾಸ್ ಆಗಿರ್ಬೇಕು ಬಿಡ್ರಿ, ಒಂದು ಸೋಡಾ ಕುಡೀರಿ” ಎನ್ನುವವರೇ ಸುತ್ತಲೆಲ್ಲ. ಓಮದ ಕಾಳು, ಇಂಗು ಬೆರೆಸಿದ ಮಜ್ಜಿಗೆ, ಅಂಗಡಿಯ ಮಾತ್ರೆ ಎಂದು ಒಂದೊಂದೇ ಉಪಚಾರ ಮುಗಿಯುವಷ್ಟರಲ್ಲಿ ಬೆಳಗಾಗುತ್ತದೆ. ಬಹಳಷ್ಟು ಸಲ ನೋವು ಇಳಿಯುವುದೂ ಉಂಟು. ಆದರೆ ಇಳಿಯದ ಒಂದು ರಾತ್ರಿ ಪ್ರಾಣಕ್ಕೇ ಎರವಾಗಬಹುದು. ಆ ರಾತ್ರಿಯನ್ನು ಗುರುತಿಸುವುದು ಹೇಗೆ?

ಜಠರದ ಹಿಂಬದಿಯಲ್ಲಿ, ಬೆನ್ನೆಲುಬಿನ ಸಮೀಪ, ಗೇಣಿಗೆ ಕೊಂಚ ಕಡಿಮೆ ಉದ್ದದ ಮೇದೋಜೀರಕ ಗ್ರಂಥಿಯಿದೆ. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಒದಗುವುದು ಇಲ್ಲಿಂದಲೇ. ಅನ್ನ, ಬೇಳೆ, ಎಣ್ಣೆ, ತುಪ್ಪಗಳನ್ನು ಅರಗಿಸುವ ಪ್ರಬಲ ರಸವೊಂದು ಕರುಳಿಗೆ ಹರಿಯುವುದೂ ಇಲ್ಲಿಂದಲೇ. ಆ ರಸ ಕರುಳನ್ನು ಸೇರಿದ ಮೇಲಷ್ಟೇ ಚುರುಕಾಗಬೇಕು. ಗ್ರಂಥಿಯೊಳಗೇ ಚುರುಕಾಯಿತೆಂದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ, ತಾನು ಹುಟ್ಟಿದ ಅಂಗವನ್ನೇ ಅದು ಜೀರ್ಣಿಸತೊಡಗುತ್ತದೆ. ವೈದ್ಯರು ‘ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್’ ಎನ್ನುವ ತೀವ್ರ ಉರಿಯೂತ ಇದೇ. ಅಮೆರಿಕದ ಬಾಸ್ಟನ್ ನಗರದ ವೈದ್ಯ ರೆಜಿನಾಲ್ಡ್ ಫಿಟ್ಜ್ 1889ರಲ್ಲಿ ಇದರ ಲಕ್ಷಣಗಳನ್ನು ಕ್ರಮವಾಗಿ ವಿವರಿಸಿ, ರೋಗಿ ಬದುಕಿರುವಾಗಲೇ ಇದನ್ನು ಗುರುತಿಸಬಹುದೆಂದು ತೋರಿಸಿಕೊಟ್ಟನು.

ಈ ನೋವಿಗೆ ತನ್ನದೇ ಆದ ನಡೆಯಿದೆ. ಹೊಟ್ಟೆಯ ಮೇಲ್ಭಾಗದಲ್ಲಿ, ಎದೆಗೂಡಿನ ಕೆಳಗೆ ಹುಟ್ಟಿ, ಬೇಗನೆ ಏರಿ, ಅನೇಕರಿಗೆ ಬೆನ್ನಿಗೂ ಹಾಯುತ್ತದೆ. ವಾಯುವಿನ ನೋವು ಬಂದು ಬಂದು ಹೋಗುತ್ತದೆ, ತೇಗು ಬಂದರೆ ಹಗುರಾಗುತ್ತದೆ. ಇದಾದರೋ ಗಂಟೆಗಟ್ಟಲೆ ಬಿಡದೆ ಕಾಡುತ್ತದೆ. ಅಂಗಾತ ಮಲಗಿದರೆ ಹೆಚ್ಚುತ್ತದೆ, ಮುಂದಕ್ಕೆ ಬಾಗಿ ಕುಳಿತರೆ ತುಸು ತಗ್ಗುತ್ತದೆ. ವಾಂತಿಯ ಮೇಲೆ ವಾಂತಿಯಾದರೂ ನೋವು ಇಳಿಯುವುದಿಲ್ಲ. ಹೊಟ್ಟೆ ಉಬ್ಬರಿಸಿ, ಮುಟ್ಟಿದರೆ ನೋಯುತ್ತದೆ. ಜ್ವರ ಬರಬಹುದು, ನಾಡಿ ವೇಗವಾಗಬಹುದು. ಕಣ್ಣು ಹಳದಿಯಾದರೆ, ಮೇಲುಸಿರು ಬಂದರೆ, ಮೂತ್ರ ಕಡಿಮೆಯಾದರೆ, ಮೈ ತಣ್ಣಗೆ ಬೆವರಿ ಮಂಪರು ಕವಿದರೆ ಕ್ಷಣವೂ ತಡಮಾಡಲಾಗದು. ಇವೆಲ್ಲವೂ ಒಬ್ಬರಲ್ಲೇ ಕಾಣಬೇಕೆಂದೇನೂ ಇಲ್ಲ. ಬಿಡದ ನೋವು, ನಿಲ್ಲದ ವಾಂತಿ, ಇವೆರಡೇ ಸಾಕು.

ಈ ಬೇನೆಯ ಮುಖ್ಯ ಕಾರಣಗಳು ಎರಡು: ಪಿತ್ತಕೋಶದ ಕಲ್ಲು ಮತ್ತು ಮದ್ಯಪಾನ. ಕಲ್ಲೊಂದು ಜಾರಿ, ಪಿತ್ತವೂ ಈ ರಸವೂ ಕರುಳಿಗಿಳಿಯುವ ದ್ವಾರವನ್ನು ಮುಚ್ಚಿದರೆ ಉರಿಯೂತ ಮೊದಲಾಗುತ್ತದೆ. ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ವಿಪರೀತ ಏರುವುದು ಮತ್ತು ಕೆಲವು ಔಷಧಗಳು ಸಹ ಕಾರಣವಾಗುವುದುಂಟು. ಆದುದರಿಂದ ಹೆಂಡವನ್ನು ಕಣ್ಣಿನಿಂದಲೂ ಕಾಣದ ಗೃಹಿಣಿಗೂ ಇದು ಬರಬಹುದು. ರೋಗಿಯನ್ನು ಕುಡುಕನೆಂದು ಹಳಿಯುವುದು ಅನ್ಯಾಯ. ಕುಡಿಯುವ ಅಭ್ಯಾಸವಿದ್ದವರು ನಾಚಿಕೆಯಿಂದ ವೈದ್ಯರ ಮುಂದೆ ಅದನ್ನು ಮುಚ್ಚಿಡುವುದೂ ಅಪಾಯವೇ.

ಲಕ್ಷಣ ಕಂಡೊಡನೆ ತಿನ್ನಲು, ಕುಡಿಯಲು ಏನನ್ನೂ ಬಲವಂತಮಾಡದೆ, 108ಕ್ಕೆ ಕರೆಮಾಡಿ ಅಥವಾ ಸಿಕ್ಕ ವಾಹನವನ್ನೇರಿ, ಚನ್ನಗಿರಿಯಾಗಲಿ ದಾವಣಗೆರೆಯಾಗಲಿ, ಬೇಗ ತಲುಪಬಹುದಾದ ಆಸ್ಪತ್ರೆಗೆ ಹೊರಡಬೇಕು. ಹೃದಯಾಘಾತವೂ ಕೆಲವೊಮ್ಮೆ ಇದೇ ಜಾಗದ ನೋವಾಗಿ ತೋರುವುದರಿಂದ ಅಲ್ಲಿ ಇ.ಸಿ.ಜಿ. ತೆಗೆಯುತ್ತಾರೆ. ರಕ್ತದಲ್ಲಿ ಲೈಪೇಸ್ ಅಥವಾ ಅಮೈಲೇಸ್ ಸಹಜ ಮಿತಿಯ 3 ಪಟ್ಟಿಗಿಂತ ಹೆಚ್ಚಿದ್ದರೆ ಸಂಶಯ ಬಲವಾಗುತ್ತದೆ. ಸ್ಕ್ಯಾನಿಂಗಿನಲ್ಲಿ ಕಲ್ಲು ಕಾಣಬಹುದು. ಸಲೈನ್, ನೋವಿಗೆ ಔಷಧ, ಎಚ್ಚರದ ಆರೈಕೆ, ಇವೇ ಮೊದಲ ಚಿಕಿತ್ಸೆ. ಕಲ್ಲೇ ಕಾರಣವಾಗಿದ್ದರೆ, ಬೇನೆ ಮರುಕಳಿಸದಂತೆ ಪಿತ್ತಕೋಶವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯುತ್ತಾರೆ.

ಸುಮಾರು ಐವರಲ್ಲಿ ನಾಲ್ವರಿಗೆ ಇದು ಸೌಮ್ಯವಾಗಿ, ಒಂದು ವಾರದೊಳಗೆ ಶಮನವಾಗುತ್ತದೆ. ಉಳಿದವರಲ್ಲಿ ಮೂತ್ರಪಿಂಡ, ಶ್ವಾಸಕೋಶಗಳೂ ಸೋಲಬಹುದು. ತಾನು ನಾಲ್ವರಲ್ಲಿ ಒಬ್ಬನೋ, ಐದನೆಯವನೋ ಎಂಬುದು ಮನೆಯ ಜಗಲಿಯ ಮೇಲೆ ಕುಳಿತು ತಿಳಿಯುವ ವಿಷಯವಲ್ಲ. ಕೊಯ್ದ ಅಡಿಕೆ ಒಂದು ದಿನ ಕಾದೀತು; ಈ ನೋವು ಬೆಳಗಿನವರೆಗೆ ಕಾಯಲಾರದು.