ಕಾಲಿನ ಅಳತೆಗೊಂದು ಸೈಕಲ್

ನಮ್ಮೂರಿನ ಸೈಕಲ್ ಶಾಪಿನಲ್ಲಿ ಹೊಸ ಸೈಕಲ್ ಕೊಂಡವರನ್ನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ‘ಕಾಲು ನೆಲಕ್ಕೆ ಎಟುಕುತ್ತಾ?’ ಎಟುಕದಿದ್ದರೆ ಸ್ಪ್ಯಾನರ್ ಹಾಕಿ ಸೀಟು ಇಳಿಸಿಬಿಡುತ್ತಿದ್ದರು. ಹಾಗೆ ಇಳಿಸಿದ ಸೀಟಿನ ಮೇಲೆ ಕೂತು ವರ್ಷಗಟ್ಟಲೆ ತುಳಿದವನು ನಾನು. ಏರು ಬಂತೆಂದರೆ ಮೊಣಕಾಲ ಚಿಪ್ಪಿನ ಸುತ್ತ ಚಳಕು. ಕಾಲೇ ಸರಿಯಿಲ್ಲ ಎಂದುಕೊಂಡಿದ್ದೆ.

ಆದರೆ ಅಂಗಿ ಹೊಲಿಸುವಾಗ ಅಳತೆ ಕೊಡುವಂತೆ ಕಾಲಿನ ಅಳತೆ ಕೊಟ್ಟು ಸೈಕಲ್ ಕೊಳ್ಳುತ್ತಿದ್ದ ಕಾಲವೂ ಇತ್ತು. 1870ರ ದಶಕದಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜೇಮ್ಸ್ ಸ್ಟಾರ್ಲಿ ಮತ್ತು ಅವರಂಥವರು ತಯಾರಿಸುತ್ತಿದ್ದ ಎತ್ತರದ ಸೈಕಲ್ಲುಗಳಿಗೆ ಚೈನು ಇರಲಿಲ್ಲ. ಪೆಡಲ್ ಇದ್ದದ್ದು ಮುಂದಿನ ಚಕ್ರದ ಅಚ್ಚಿನಲ್ಲೇ. ಚಕ್ರ ದೊಡ್ಡದಾದಷ್ಟೂ ಒಂದು ಸುತ್ತಿಗೆ ಹೆಚ್ಚು ದೂರ ಸಾಗುತ್ತದೆ, ನಿಜ. ಪೆಡಲ್ ಕಾಲಿಗೆ ಸಿಗಬೇಕಲ್ಲ? ಹಾಗಾಗಿ ಯಾರಿಗೆ ಎಷ್ಟು ಇಂಚಿನ ಚಕ್ರ ಎಂಬುದನ್ನು ಅವರ ಕಾಲಿನ ಉದ್ದವೇ ತೀರ್ಮಾನಿಸುತ್ತಿತ್ತು. 60 ಇಂಚಿನ ಚಕ್ರ ಒಂದು ಸುತ್ತಿಗೆ 4.79 ಮೀಟರ್ ಹೋದರೆ 52 ಇಂಚಿನದು 4.15 ಮೀಟರ್. ಗಿಡ್ಡ ಸವಾರ ಎಷ್ಟೇ ಗಟ್ಟಿಗನಾಗಿರಲಿ, ಸುತ್ತಿಗೆ 64 ಸೆಂಟಿಮೀಟರ್ ಹಿಂದೆ ಬೀಳುತ್ತಿದ್ದ.

ಈ ಅನ್ಯಾಯವನ್ನು ಅಳಿಸಿದ್ದು ಚೈನು. 1885ರಲ್ಲಿ ಜೇಮ್ಸ್ ಅವರ ಸಹೋದರನ ಮಗ ಜಾನ್ ಕೆಂಪ್ ಸ್ಟಾರ್ಲಿ ತಂದ ‘ರೋವರ್’ ಸೈಕಲ್ಲಿನಲ್ಲಿ ಪೆಡಲ್ ನಡುವೆ ಬಂತು, ಹಲ್ಲುಚಕ್ರದ ಲೆಕ್ಕ ಬಂತು, ಚಕ್ರಕ್ಕೂ ಕಾಲಿಗೂ ಇದ್ದ ನಂಟು ಕಡಿಯಿತು. ಸೀಟನ್ನು ಮೇಲೆ ಕೆಳಗೆ ಮಾಡಿಕೊಂಡರೆ ಒಂದೇ ಸೈಕಲ್ ಹಲವರಿಗೆ ಆಗುತ್ತದೆ ಎಂದಾಗ ಅಳತೆ ಮರೆತೇ ಹೋಯಿತು. ಅಪ್ಪನ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ತುಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮರೆತ ಅಳತೆ ಮತ್ತೆ ನೆನಪಾದದ್ದು ಪ್ರಯೋಗಶಾಲೆಯಲ್ಲಿ. 1967ರಲ್ಲಿ ಹ್ಯಾಮ್ಲಿ ಮತ್ತು ಥಾಮಸ್ ಎಂಬ ಬ್ರಿಟಿಷ್ ಸಂಶೋಧಕರು ನಿಂತಲ್ಲೇ ತುಳಿಯುವ ಸೈಕಲ್ಲಿನಲ್ಲಿ ಬೇರೆಬೇರೆ ಎತ್ತರದ ಸೀಟುಗಳನ್ನು ಪರೀಕ್ಷಿಸಿದರು. ಪೆಡಲ್ ಕೆಳಗಿದ್ದಾಗ ಅಲ್ಲಿಂದ ಸೀಟಿನ ಮೇಲ್ಭಾಗಕ್ಕೆ ಒಳಗಾಲಿನ (ತೊಡೆಸಂದಿಯಿಂದ ನೆಲದವರೆಗಿನ) ಉದ್ದದ ಶೇ 109ರಷ್ಟು ಅಂತರವಿದ್ದರೆ ತುಳಿತ ಚೆನ್ನಾಗಿ ಸಾಗುತ್ತದೆಂದು ಕಂಡುಕೊಂಡರು. ಫ್ರಾನ್ಸಿನ ಸೈಕಲ್ ರೇಸಿನ ತರಬೇತುದಾರ ಸಿರಿಲ್ ಗಿಮಾರ್ ಅವರದು ಇನ್ನೊಂದು ಸೂತ್ರ. ಒಳಗಾಲಿನ ಉದ್ದವನ್ನು 0.883ರಿಂದ ಗುಣಿಸಿ, ಪೆಡಲ್ ತಿರುಗುವ ನಡುಅಚ್ಚಿನಿಂದ ಅಷ್ಟು ಎತ್ತರಕ್ಕೆ ಸೀಟು ಇಡಬೇಕು. ಅವರ ಶಿಷ್ಯ ಗ್ರೆಗ್ ಲೆಮಾಂಡ್ 1987ರ ತಮ್ಮ ಪುಸ್ತಕದಲ್ಲಿ ಬರೆದ ಮೇಲೆ ಇದು ಎಲ್ಲರ ಬಾಯಿಗೆ ಬಂತು.

ನಾನೂ ಅಳೆದುಕೊಂಡೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ದಪ್ಪ ನಿಘಂಟೊಂದನ್ನು ತೊಡೆಸಂದಿಗೆ ಒತ್ತಿ ಹಿಡಿದು, ಅದರ ಮೇಲಂಚಿಗೆ ಪೆನ್ಸಿಲ್ ಗೀಟು ಹಾಕಿದರೆ 80 ಸೆಂಟಿಮೀಟರ್ ಬಂತು. ಗಿಮಾರ್ ಲೆಕ್ಕದಲ್ಲಿ ಸೀಟು 70.6ಕ್ಕೆ ಇರಬೇಕು. ಶೇ 109ರ ಲೆಕ್ಕದಲ್ಲಿ 87.2, ಅದರಲ್ಲಿ ನಡುಅಚ್ಚಿನಿಂದ ಪೆಡಲ್‌ವರೆಗಿನ ತೋಳಿನ ಉದ್ದ 17 ಕಳೆದರೆ 70.2. ಪ್ರಯೋಗಶಾಲೆಯೂ ರೇಸಿನ ರಸ್ತೆಯೂ ಅರ್ಧ ಸೆಂಟಿಮೀಟರಿನೊಳಗೆ ಒಂದಾಗಿದ್ದವು! ನನ್ನ ಸೀಟು ಇದ್ದದ್ದು 65ಕ್ಕೆ.

ಒಮ್ಮೆಲೇ ಏರಿಸದೆ ವಾರಕ್ಕೆ ಅರ್ಧ ಸೆಂಟಿಮೀಟರಿನಂತೆ ಏರಿಸಿದೆ. ಪೆಡಲ್ ಕೆಳಗಿಳಿದಾಗ ಮೊಣಕಾಲು ಪೂರ್ತಿ ನೆಟ್ಟಗಾಗದೆ 25ರಿಂದ 35 ಡಿಗ್ರಿ ಬಾಗಿರಬೇಕು. ಸೀಟು ತಗ್ಗಾದರೆ ಪೆಡಲ್ ಮೇಲೆ ಬಂದಾಗ ಮಂಡಿ ಅತಿಯಾಗಿ ಮಡಚಿ ಚಿಪ್ಪಿನ ಮೇಲೆ ಒತ್ತಡ ಬೀಳುತ್ತದೆ. ನನ್ನ ಚಳಕಿನ ಗುಟ್ಟು ಅದೇ. ಹೆಚ್ಚು ಎತ್ತರವಾದರೆ ಸೊಂಟ ಅತ್ತಿತ್ತ ಓಲಾಡುತ್ತದೆ, ಮಂಡಿಯ ಹಿಂಭಾಗ ಎಳೆಯುತ್ತದೆ. ಈಗ ಸೀಟಿನಲ್ಲಿ ಕೂತರೆ ಪಾದ ನೆಲ ಮುಟ್ಟುವುದಿಲ್ಲ. ಸಿಗ್ನಲ್ಲಿನಲ್ಲಿ ಸೀಟು ಬಿಟ್ಟು ಮುಂದಕ್ಕಿಳಿದು ನಿಲ್ಲುತ್ತೇನೆ. ಏರಿನಲ್ಲಿ ಚಳಕಿಲ್ಲ.

ಸೂತ್ರಕ್ಕೆ ಗೊತ್ತಾಗುವುದು ಕಾಲಿನ ಉದ್ದವಷ್ಟೇ. ಹಳೆಯ ಪೆಟ್ಟು, ಬೆನ್ನಿನ ಬಿಗಿತ ಅದಕ್ಕೆ ಕಾಣಿಸದು. ಬೆಲ್ಜಿಯಂನ ಸೈಕಲ್ ರೇಸುಗಾರ ಎಡ್ಡಿ ಮರ್ಕ್ಸ್ 1969ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಬ್ಲುವಾ ಪಟ್ಟಣದ ಟ್ರ್ಯಾಕಿನಲ್ಲಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡರು. ಆಮೇಲೂ ಅವರು ದೊಡ್ಡ ದೊಡ್ಡ ರೇಸುಗಳನ್ನು ಗೆದ್ದರು. ಆದರೆ ನಿನ್ನೆ ಒಗ್ಗಿದ ಎತ್ತರ ಇವತ್ತು ಒಗ್ಗುತ್ತಿರಲಿಲ್ಲ. ಜೇಬಿನಲ್ಲಿ ಸೀಟು ಸಡಿಲಿಸುವ ಕೀಲಿ ಇಟ್ಟುಕೊಂಡು, ರೇಸಿನ ನಡುವೆಯೂ ಸೀಟನ್ನು ಕೂದಲೆಳೆಯಷ್ಟು ಮೇಲೆ, ಕೂದಲೆಳೆಯಷ್ಟು ಕೆಳಗೆ ಮಾಡಿಕೊಳ್ಳುತ್ತಿದ್ದರು.