ಆನ್‌ಲೈನ್ ಆತ್ಮಹತ್ಯೆ ತಡೆ ಸಭೆ: ಎಲ್ಲರಿಗೂ ತಲುಪುವ ಹಾಗೆ ಮಾಡೋದು ಹೇಗೆ?

ಈ ವಾರ ಗೊಬ್ಬರ, ಔಷಧಿ ವಿಚಾರ ಪಕ್ಕಕ್ಕಿಟ್ಟು ಮನಸ್ಸಿನ ವಿಚಾರ ಮಾತಾಡೋಣ.

ಸೆಪ್ಟೆಂಬರ್ 10 ವಿಶ್ವ ಆತ್ಮಹತ್ಯೆ ತಡೆ ದಿನ. ಆ ಸಮಯದಲ್ಲಿ ರೈತರಿಗಾಗಿ ಆನ್‌ಲೈನ್ ಸಭೆಗಳು ನಡೆಯುತ್ತವೆ. ಅಂಥ ಒಂದು ಸಭೆಗೆ ನಾನೂ ಸೇರ್ಕೊಂಡಿದ್ದೆ. ಸಮಯ ಬೆಳಿಗ್ಗೆ 11 ಗಂಟೆ. ಸ್ಲೈಡ್ ಎಲ್ಲಾ ಇಂಗ್ಲಿಷ್. ಕೂತು ಕೇಳಿದವರು ಹೆಚ್ಚಿನವರು ಅಧಿಕಾರಿಗಳು, ವಿದ್ಯಾರ್ಥಿಗಳು. ಯಾರಿಗಾಗಿ ಸಭೆ ಕರೆದಿದ್ರೋ ಅವರು ಹೊಲದಲ್ಲಿದ್ರು. ನಾಲೆಯಲ್ಲಿ ನೀರು ಹರಿದರೂ ಕೊನೆ ಹೊಲಕ್ಕೆ ಬರಲಿಲ್ಲ ಅನ್ನೋ ಹಾಗಾಯ್ತು.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರದಿ ಪ್ರಕಾರ 2022ರಲ್ಲಿ ದೇಶದಲ್ಲಿ ಕೃಷಿ ನಂಬಿದ್ದ 11,290 ಜನ ಆತ್ಮಹತ್ಯೆಯಿಂದ ತೀರಿಕೊಂಡರು. ಅದರಲ್ಲಿ 5,207 ರೈತರು, 6,083 ಕೃಷಿ ಕಾರ್ಮಿಕರು. ಕೂಲಿಯವರೇ ಹೆಚ್ಚು ಅನ್ನೋದನ್ನು ಗಮನಿಸಿ. ಪಹಣಿ ಇದ್ದವರ ಪಟ್ಟಿ ನೋಡಿ ಲಿಂಕ್ ಕಳಿಸಿದ್ರೆ ಇವರಿಗೆ ಸುದ್ದಿಯೇ ಮುಟ್ಟೋದಿಲ್ಲ.

ನಿಮ್ಮ ಸಂಘ, ಉತ್ಪಾದಕರ ಕಂಪನಿ ಅಥವಾ ಪಂಚಾಯ್ತಿಯಿಂದ ಇಂಥ ಸಭೆ ಮಾಡೋದಾದ್ರೆ ಈ ಕೆಳಗಿನ ಅಂಶಗಳನ್ನು ನೋಡ್ಕೊಳ್ಳಿ.

1. ಸಮಯ
ಹಾಲು ಕರೆಯೋ ಹೊತ್ತು, ತ್ರೀ ಫೇಸ್ ಕರೆಂಟ್ ಬರೋ ಹೊತ್ತು ಬಿಟ್ಟು ಸಮಯ ಇಡಿ. ರಾತ್ರಿ 8ರ ನಂತರ ಹೆಚ್ಚಿನವರಿಗೆ ಅನುಕೂಲ. ಒಂದು ಗಂಟೆ ಮೀರಬಾರದು. ಬಿತ್ತನೆ, ಕೊಯ್ಲಿನ ವಾರದಲ್ಲಿ ಬೇಡ.

2. ಫೋನ್
ಎಲ್ಲರ ಹತ್ರ ಸ್ಮಾರ್ಟ್‌ಫೋನ್ ಇರಲ್ಲ. ಮನೆಯಲ್ಲಿ ಒಂದೇ ಇದ್ರೆ ಅದು ಮಗನ ಕೈಯಲ್ಲಿರುತ್ತೆ, ಹೆಂಗಸರಿಗೆ ಸಿಗೋದು ಕಡಿಮೆ. ಕೀಪ್ಯಾಡ್ ಫೋನಿಂದ ಕರೆ ಮಾಡಿ ಕೇಳುವ ವ್ಯವಸ್ಥೆ ಇರಲಿ. ಹಾಲಿನ ಡೈರಿ ಅಥವಾ ಪಂಚಾಯ್ತಿ ಗ್ರಂಥಾಲಯದಲ್ಲಿ ಟಿವಿಗೆ ಜೋಡಿಸಿ ತೋರಿಸಿ. ನೆಟ್‌ವರ್ಕ್ ಇಲ್ಲದ ಊರಿಗೆ ಮೂರು ನಿಮಿಷದ ಧ್ವನಿ ಸಂದೇಶ ಮಾಡಿ ವಾಟ್ಸಾಪ್‌ನಲ್ಲಿ ಬಿಡಿ, ಸಿಗ್ನಲ್ ಸಿಕ್ಕಾಗ ಕೇಳ್ತಾರೆ.

3. ಭಾಷೆ
ಖಿನ್ನತೆ, ಆತಂಕ ಅಂದ್ರೆ ಹಲವರಿಗೆ ತಮ್ಮದಲ್ಲ ಅನಿಸುತ್ತೆ. 'ನಿದ್ದೆ ಬರ್ತಿಲ್ಲ, ಊಟ ಸೇರ್ತಿಲ್ಲ, ಯಾರ ಮುಖ ನೋಡೋಕೂ ಬೇಜಾರು' ಅಂದ್ರೆ ತಕ್ಷಣ ಗೊತ್ತಾಗುತ್ತೆ. ಊರಲ್ಲಿ ಲಂಬಾಣಿ, ಉರ್ದು, ತೆಲುಗು ಮಾತಾಡೋರಿದ್ರೆ ಅವರ ಮಾತಲ್ಲೂ ಹೇಳೋರು ಒಬ್ಬರಿರಲಿ.

4. ಕಿವಿ ಕೇಳದವರು, ಕಣ್ಣು ಕಾಣದವರು
ಸಹಾಯವಾಣಿ ನಂಬರನ್ನು ಬರೀ ಪೋಸ್ಟರ್ ಚಿತ್ರದಲ್ಲಿ ಹಾಕ್ಬೇಡಿ. ಕಣ್ಣು ಕಾಣದವರ ಫೋನ್ ಅಕ್ಷರಗಳನ್ನು ಓದಿ ಹೇಳುತ್ತೆ, ಚಿತ್ರದೊಳಗಿನದ್ದು ಎಷ್ಟೋ ಸಲ ತಪ್ಪಿಹೋಗುತ್ತೆ. ಸಂದೇಶದಲ್ಲಿ ಟೈಪ್ ಮಾಡಿ. ಪರದೆ ಮೇಲಿರೋದನ್ನೆಲ್ಲ ಬಾಯಲ್ಲೂ ಹೇಳಿ. ಕಿವಿ ಕೇಳದವರಿಗೆ ಸಂಜ್ಞಾ ಭಾಷೆಯವರನ್ನು ಕರೆಸಿ, ಮುಖ್ಯ ಮಾತುಗಳನ್ನು ಒಬ್ಬರು ಚಾಟ್‌ನಲ್ಲಿ ಬರೀತಾ ಹೋಗಲಿ. ಅವರು ಕರೆ ಮಾಡೋಕಾಗಲ್ಲ, ಹಾಗಾಗಿ ಸಂದೇಶ ಕಳಿಸಲು ಒಂದು ನಂಬರ್ ಕೊಡಿ.

5. ಮರ್ಯಾದೆ
ಇದು ಬಹಳ ಮುಖ್ಯ. ಊರಿನವರಿಗೆ ಗೊತ್ತಾಗುತ್ತೆ ಅನ್ನೋ ಭಯಕ್ಕೇ ಎಷ್ಟೋ ಜನ ಬರಲ್ಲ. ಹೆಸರು ಬದಲಿಸಿ, ಕ್ಯಾಮೆರಾ ಆಫ್ ಮಾಡಿ ಸೇರಬಹುದು ಅಂತ ಮೊದಲೇ ತಿಳಿಸಿ. ಪ್ರಶ್ನೆ ನಡೆಸುವವರಿಗೆ ಮಾತ್ರ ಕಾಣಲಿ. ಪ್ರಶ್ನೋತ್ತರ ರೆಕಾರ್ಡ್ ಮಾಡಬೇಡಿ. ಪೊಲೀಸ್ ಕೇಸ್ ಭಯವೂ ಇರುತ್ತೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಪ್ರಕಾರ, ಬೇರೆ ರೀತಿ ಸಾಬೀತಾಗದ ಹೊರತು, ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. ಇದನ್ನು ಸಭೆಯಲ್ಲಿ ಹೇಳಿ.

6. ಸುರಕ್ಷತೆ
ಸತ್ತ ವಿಧಾನದ ವಿವರ ಬೇಡವೇ ಬೇಡ. ಸಭೆ ಕೇಳ್ತಾ ಇರುವಾಗಲೇ ಯಾರಿಗಾದ್ರೂ ಕಷ್ಟ ಆಗಬಹುದು. ಅಂಥವರಿಗೆ ತಕ್ಷಣ ಫೋನ್ ಮಾಡೋಕೆ ತರಬೇತಿ ಪಡೆದ ಒಬ್ಬರು ಬೇರೆ ಕೆಲಸ ಇಲ್ಲದೆ ಕಾಯ್ತಿರಬೇಕು. ಸಹಾಯವಾಣಿ ನಂಬರ್ ಶುರುವಲ್ಲಿ, ಮಧ್ಯೆ, ಕೊನೆಗೆ ಮೂರು ಸಲ ಹೇಳಿ.

ಆ ನಂಬರ್ ಇದು: ಟೆಲಿ ಮಾನಸ್ 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ್ದು, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜೀವಕ್ಕೆ ತಕ್ಷಣ ಅಪಾಯ ಅನಿಸಿದ್ರೆ 112ಕ್ಕೆ ಕರೆ ಮಾಡಿ, ಅವರನ್ನು ಒಬ್ಬರನ್ನೇ ಬಿಡಬೇಡಿ.

ಕೊನೇ ಮಾತು. ಎಷ್ಟು ಜನ ಸೇರಿದ್ರು ಅಂತ ಲೆಕ್ಕ ಹಾಕೋ ಮೊದಲು ಯಾರು ಬರಲಿಲ್ಲ ಅಂತ ನೋಡಿ. ನಾಲ್ಕು ದಿನದಿಂದ ಡೈರಿಗೆ ಬರದವರು, ಸಾಲದ ನೋಟಿಸ್ ಬಂದ ಮೇಲೆ ಮಾತು ನಿಲ್ಲಿಸಿದವರು ನಿಮ್ಮ ಪಕ್ಕದಲ್ಲೇ ಇರ್ತಾರೆ. ಲಿಂಕ್ ಕಳಿಸಿ ಸುಮ್ಮನಾಗಬೇಡಿ. ಇವತ್ತು ಸಂಜೆ ಅವರ ಮನೆಗೆ ಹೋಗಿ, ಕೂತು, 'ಹೇಗಿದೀಯಪ್ಪ' ಅಂತ ಕೇಳಿ.