ಹುಟ್ಟಿನಿಂದ ಬಂದ ಕಾಯಿಲೆಗೂ ಕಾರ್ಡ್ ನಡೆಯುತ್ತದೆ

ಮಗುವಿನ ಹೃದಯದಲ್ಲಿ ಹುಟ್ಟುವಾಗಲೇ ರಂಧ್ರವಿದ್ದರೆ ವಿಮೆ ಸಿಗದು ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಖಾಸಗಿ ಪಾಲಿಸಿಗಳಲ್ಲಿ ಮೊದಲೇ ಇದ್ದ ಕಾಯಿಲೆಗೆ ಸಾಮಾನ್ಯವಾಗಿ ವರ್ಷಗಟ್ಟಲೆ ಕಾಯಬೇಕು. ಆದರೆ ಆ ಅಳತೆಗೋಲನ್ನು ಸರ್ಕಾರಿ ಯೋಜನೆಗೆ ಹಿಡಿಯುವುದು ತಪ್ಪು. 2018ರ ಅಕ್ಟೋಬರ್‌ನಲ್ಲಿ ಒಂದಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಕಾರ್ಡ್ ಇರುವ ಬಿಪಿಎಲ್ ಕುಟುಂಬ ಕಂತು ಕಟ್ಟುವುದಿಲ್ಲ. ಮೊದಲಿಂದ ಇದ್ದ ಕಾಯಿಲೆಗೂ ಕಾಯುವ ಅವಧಿಯಿಲ್ಲ. ‘ಐದೇ ಜನಕ್ಕೆ, ಕಿರಿಯ ಮಗುವಿಗಿಲ್ಲ’ ಎನ್ನುವುದೂ ಹಳೆಯ ನೆನಪು. 2008ರಲ್ಲಿ ಶುರುವಾದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ಐವರಿಗೆ ₹30,000ದ ಮಿತಿ ಹಾಕಿತ್ತು. ಈಗ ಸದಸ್ಯರ ಸಂಖ್ಯೆಗೂ ವಯಸ್ಸಿಗೂ ಮಿತಿಯಿಲ್ಲ. ಹಾಗೆಂದು ಯೋಜನೆಯ ₹5 ಲಕ್ಷವನ್ನು ಮಗುವಿಗೊಂದರಂತೆ ಲೆಕ್ಕ ಹಾಕಬಾರದು. ಅದು ಇಡೀ ಮನೆಗೆ ವರ್ಷಕ್ಕೆ ಇರುವ ಮೊತ್ತ. ಅಪ್ಪನ ಬೈಪಾಸ್‌ಗೂ ಮಗಳ ಆಪರೇಷನ್‌ಗೂ ಒಂದೇ ಗಂಟು.

‘ಹಾಗಾದರೆ ಜ್ವರ ಬಂದಾಗ ಕೈಯಿಂದಲೇ ಯಾಕೆ ಕೊಡುತ್ತೇವೆ?’ ಎಂದು ತಾಯಂದಿರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಯೋಜನೆ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗಿ ಪಡೆಯುವ ಚಿಕಿತ್ಸೆಗೆ ಇರುವುದು. ಕ್ಲಿನಿಕ್ಕಿನ ಫೀಸು, ಮೆಡಿಕಲ್ ಶಾಪಿನ ಬಿಲ್ಲು, ಹೋಗಿಬರುವ ಬಸ್ಸಿನ ದುಡ್ಡು, ಅಪ್ಪನ ಕಳೆದುಹೋದ ಕೂಲಿ ಇವು ಅದರೊಳಗಿಲ್ಲ. ಮಕ್ಕಳ ಬಹುಪಾಲು ಕಾಯಿಲೆ ದಾಖಲಾತಿಯವರೆಗೆ ಹೋಗುವುದಿಲ್ಲವಾದ್ದರಿಂದ ಈ ಕೊರತೆ ಚಿಕ್ಕದಲ್ಲ. ಅದನ್ನು ಮುಚ್ಚಿಟ್ಟು ‘ಎಲ್ಲವೂ ಉಚಿತ’ ಎಂದು ಫಲಕ ಬರೆಸುವುದರಿಂದಲೇ ಅರ್ಧ ತಪ್ಪು ಕಲ್ಪನೆ ಹುಟ್ಟುತ್ತದೆ. ಆದರೂ ಕಾರ್ಡ್ ನಿಷ್ಪ್ರಯೋಜಕವೆಂಬ ತೀರ್ಮಾನ ನಿಲ್ಲುವುದಿಲ್ಲ: ಜ್ವರದ ಖರ್ಚನ್ನು ಮನೆ ಹೇಗೋ ತಡೆದುಕೊಳ್ಳುತ್ತದೆ, ಹೃದಯದ ಶಸ್ತ್ರಚಿಕಿತ್ಸೆ ಮನೆಯನ್ನೇ ಸಾಲಕ್ಕೆ ನೂಕುತ್ತದೆ.

ಕಾಯಿಲೆ ಗೊತ್ತಾಗದಿದ್ದರೆ ಕಾರ್ಡ್ ಇದ್ದೂ ಇಲ್ಲದಂತೆ. ಅದಕ್ಕೆಂದೇ 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ತಪಾಸಣೆ ಮಾಡಬೇಕು. ಸೀಳು ತುಟಿ, ಹೃದಯದ ದೋಷ, ಕಿವುಡುತನ ಎಲ್ಲವೂ ಆ ಪಟ್ಟಿಯಲ್ಲಿವೆ. ತಂಡ ಬಂದ ದಿನ ‘ನಮ್ಮ ಮಗು ಚೆನ್ನಾಗಿದೆ’ ಎಂದು ಮನೆಯಲ್ಲೇ ಇರಿಸಿಕೊಳ್ಳುವುದೇ ದುಬಾರಿ. ದೋಷ ಕಂಡರೆ ಮೊದಲು ಸರ್ಕಾರಿ ಆಸ್ಪತ್ರೆ. ಅಲ್ಲಿ ಚಿಕಿತ್ಸೆ ಇಲ್ಲದಿದ್ದರೆ ರೆಫರಲ್ ಚೀಟಿ. ತುರ್ತು ಸ್ಥಿತಿಯಲ್ಲದಿದ್ದರೆ ಆ ಚೀಟಿಯಿಲ್ಲದೆ ನೇರ ಖಾಸಗಿ ಆಸ್ಪತ್ರೆಗೆ ಹೋದವರಿಗೆ ಬಿಲ್ಲೇ ಕೈಗೆ ಬರುತ್ತದೆ.